ಮಗು ಬಂತು, ತಾಯಿ ಎಲ್ಲಿ?

ಅಮೆರಿಕದ ಟೆಕ್ಸಸ್ ರಾಜ್ಯದ ಪೂರ್ವದಂಚಿನಲ್ಲಿ ಪಾಸಮ್ ಟ್ರಾಟ್ ಎಂಬ ಸಣ್ಣ ಊರಿದೆ. ಪೈನ್ ಮರಗಳ ನಡುವೆ ಅಲ್ಲಲ್ಲಿ ಚದುರಿದ ಮನೆಗಳು, ಹೆಚ್ಚಿನವರು ಕಪ್ಪು ಜನ, ಕೈಯಲ್ಲಿ ಕಾಸು ಹೆಚ್ಚು ಓಡಾಡದ ಊರು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಬೆನೆಟ್ ಚಾಪೆಲ್ ಎಂಬ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಡಬ್ಲ್ಯು. ಸಿ. ಮಾರ್ಟಿನ್ ಮತ್ತು ಅವರ ಹೆಂಡತಿ ಡೋನಾ, ಸರಕಾರದ ವಶದಲ್ಲಿದ್ದ ಮಕ್ಕಳನ್ನು ತಮ್ಮ ಮನೆಗೆ ಕರೆತಂದರು. ಪಾಸ್ಟರ್ ಮನೆಯನ್ನು ನೋಡಿ ಇನ್ನೊಂದು ಮನೆ, ಅದನ್ನು ನೋಡಿ ಮತ್ತೊಂದು ಮನೆ. ಇಷ್ಟು ಜನ ಒಟ್ಟಿಗೆ ಮುಂದೆ ಬಂದಾಗ ಇಲಾಖೆಯವರೇ ಚರ್ಚಿಗೆ ಬಂದು ತರಬೇತಿ ಕೊಟ್ಟರು. ಕೊನೆಗೆ ಆ ಒಂದು ಚರ್ಚಿನ 22 ಕುಟುಂಬಗಳು 77 ಮಕ್ಕಳನ್ನು ದತ್ತು ತೆಗೆದುಕೊಂಡಿದ್ದವು. ಬೇರೆಯವರು ಹಿಂಜರಿಯುವ ಮಕ್ಕಳೇ ಇವರಲ್ಲಿ ಹೆಚ್ಚು: ವಯಸ್ಸಿನಲ್ಲಿ ದೊಡ್ಡವರು, ಪೆಟ್ಟು ತಿಂದವರು, ಅಣ್ಣ ತಮ್ಮ ಅಕ್ಕ ತಂಗಿ ಎಂದು ಗುಂಪಾಗಿ ಬಂದವರು. 2024ರ ಜುಲೈಯಲ್ಲಿ ಇದೇ ಕತೆ ‘ಸೌಂಡ್ ಆಫ್ ಹೋಪ್’ ಎಂಬ ಸಿನಿಮಾ ಆಯಿತು.

ದಿಕ್ಕಿಲ್ಲದ ಮಕ್ಕಳ ಬಗ್ಗೆ ಅಮೆರಿಕದ ಚರ್ಚುಗಳಲ್ಲಿ ಮಾತಾಡುವವರಿಗೆ ಈ ಕತೆ ಬಾಯಿಪಾಠ. ಹೇಳಬೇಕಾದ ಕತೆಯೇ ಅದು. ದೊಡ್ಡ ದೊಡ್ಡ ಸಭೆಗಳು ಮಾಡದ್ದನ್ನು ಒಂದು ಬಡ ಸಭೆ ಮಾಡಿತು ಎಂಬ ಚುಚ್ಚು ಅದರೊಳಗಿದೆ. ಆದರೆ ಇದನ್ನೇ ಮಾದರಿಯಾಗಿ ಹಿಡಿದು ಒಂದು ಕ್ರೈಸ್ತ ಮನೆ ‘ನಾವೂ ಪೋಷಕ ಕುಟುಂಬವಾಗೋಣ’ ಎಂದು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಪಾಸಮ್ ಟ್ರಾಟ್‌ನದು ದತ್ತಿನ ಕತೆ. ಮಗು ಬಂತು, ಉಳಿಯಿತು. ಪೋಷಕತ್ವದಲ್ಲಿ ಮಗು ಬರುತ್ತದೆ, ಎಲ್ಲ ಸರಿಹೋದರೆ ತನ್ನ ಮನೆಗೆ ಹೊರಟುಹೋಗುತ್ತದೆ. ಹೊರಟುಹೋಗುವುದೇ ಅಲ್ಲಿ ಗೆಲುವು. ಆ ಗೆಲುವಿಗೆ ಹೆಗಲು ಕೊಡುವ ಚರ್ಚು ಎಂಥದ್ದಾಗಿರಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಭಾರತದ ಕ್ರೈಸ್ತರೂ ಈಗ ಅದನ್ನು ಕೇಳಿಕೊಳ್ಳಬೇಕಾಗಿದೆ, ಏಕೆಂದರೆ ಇಲ್ಲಿ ಕಾನೂನು ಬಾಗಿಲು ತೆರೆದು ವರ್ಷಗಳಾದವು. ಒಳಗೆ ಬಂದ ಮನೆಗಳು ಮಾತ್ರ ಬೆರಳೆಣಿಕೆಯಷ್ಟು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದವಿಲ್ಲದಿರುವುದೂ ಗೊಂದಲಕ್ಕೆ ಒಂದು ಕಾರಣ. ಇಲಾಖೆಯ ಕಾಗದಗಳಲ್ಲಿ ‘ಪೋಷಕತ್ವ’ ಎಂದಿದೆ. ಆದರೆ ಶಾಲೆಯ ಪೋಷಕರ ಸಭೆಗೆ ಹೋಗುವವರು ಹೆತ್ತವರು. ಹಳೆಯ ಪದ ‘ಸಾಕು’. ಸಾಕುತಾಯಿ, ಸಾಕುಮಗ ಎಂದರೆ ಕಿವಿಗೆ ಬೆಚ್ಚಗಿರುತ್ತದೆ, ಆದರೆ ಸಾಕುನಾಯಿಯೂ ಅದೇ ಸಾಲಿನಲ್ಲಿ ಬಾಲ ಅಲ್ಲಾಡಿಸುತ್ತಾ ಬಂದು ನಿಲ್ಲುತ್ತದೆ. ಇನ್ನು ಬೇಡ ಎನ್ನುವ ಸಾಕು ಬೇರೆ. ಎಲ್ಲರಿಗೂ ಗೊತ್ತಿರುವ ಪದ ‘ದತ್ತು’ ಒಂದೇ, ಹಾಗಾಗಿ ಎಲ್ಲವೂ ದತ್ತುವೇ ಆಗಿಬಿಡುತ್ತದೆ. ಪದವಿಲ್ಲದಿದ್ದರೂ ಕಲ್ಪನೆ ಹೊಸದಲ್ಲ. ದೇವಕಿ ಹೆತ್ತಳು, ಯಶೋದೆ ಸಾಕಿದಳು, ಇಬ್ಬರೂ ತಾಯಂದಿರೇ ಎನ್ನುವುದಕ್ಕೆ ಈ ನಾಡಿನಲ್ಲಿ ಯಾರೂ ವ್ಯಾಖ್ಯಾನ ಕೇಳುವುದಿಲ್ಲ. ಆ ಕತೆಯಲ್ಲಿ ಮಗ ಮಥುರೆಗೆ ಹೊರಡುವ ದಿನವೂ ಇದೆ ಎನ್ನುವುದನ್ನು ಮಾತ್ರ ಮರೆಯುತ್ತೇವೆ.

ಅಮೆರಿಕದಲ್ಲಿ ಪೋಷಕತ್ವ ನಡೆಯುವ ಬಗೆ ಹೀಗೆ. ಒಂದು ಮನೆಯಲ್ಲಿ ಮಗು ಸುರಕ್ಷಿತವಾಗಿಲ್ಲ ಎಂದು ಇಲಾಖೆಗೆ ಕಂಡರೆ, ನ್ಯಾಯಾಲಯದ ಆದೇಶದ ಮೇಲೆ ಮಗುವನ್ನು ಹೊರತಂದು ಪರವಾನಗಿ ಪಡೆದ ಇನ್ನೊಂದು ಮನೆಯಲ್ಲಿ ಇರಿಸುತ್ತಾರೆ. ಹೊರತರುವುದಕ್ಕೆ ಅತಿ ಹೆಚ್ಚು ಬಾರಿ ಕೊಡುವ ಕಾರಣ ಹೊಡೆತ ಬಡಿತವಲ್ಲ, ನಿರ್ಲಕ್ಷ್ಯ. ನಿರ್ಲಕ್ಷ್ಯ ಎಲ್ಲಿ ಮುಗಿಯುತ್ತದೆ, ಬಡತನ ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಗೆರೆ ಎಳೆದು ಹೇಳುವುದು ಕಷ್ಟ. ರಾತ್ರಿ ಪಾಳಿಗೆ ಹೋದ ಒಂಟಿ ತಾಯಿ ಮಗುವನ್ನು ಒಬ್ಬನೇ ಬಿಟ್ಟುಹೋಗಿದ್ದಳು ಎಂದರೆ ಅದು ನಿರ್ಲಕ್ಷ್ಯವೂ ಹೌದು, ನೋಡಿಕೊಳ್ಳುವವರಿಗೆ ಕೊಡಲು ದುಡ್ಡಿಲ್ಲ ಎನ್ನುವುದೂ ಹೌದು. ನ್ಯಾಯಾಲಯ ತಾಯಿಗೆ ಒಂದು ಪಟ್ಟಿ ಕೊಡುತ್ತದೆ: ಮನೆ ಮಾಡು, ಕೆಲಸ ಹಿಡಿ, ಚಟವಿದ್ದರೆ ಬಿಡು, ಹೇಳಿದ ದಿನ ಬಂದು ಮಗುವನ್ನು ನೋಡು. ಪಟ್ಟಿ ಮುಗಿಸಿದರೆ ಮಗು ವಾಪಸು. 1997ರ ಕಾಯ್ದೆಯ ಪ್ರಕಾರ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗೇ ಇದ್ದರೆ, ಕೆಲವು ವಿನಾಯಿತಿ ಬಿಟ್ಟು, ತಾಯಿಯ ಹಕ್ಕನ್ನೇ ಕೊನೆಗಾಣಿಸಲು ಸರಕಾರ ಅರ್ಜಿ ಹಾಕಬೇಕು. ಗಡಿಯಾರ ಓಡುತ್ತಲೇ ಇರುತ್ತದೆ. ಪೋಷಕತ್ವದಿಂದ ಹೊರಬರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಹೆತ್ತವರ ಬಳಿಗೇ ಮರಳುತ್ತಾರೆ.

ಈ ವ್ಯವಸ್ಥೆಯಲ್ಲಿ ಚರ್ಚು ಮಾಡುವ ಅತ್ಯಂತ ಉಪಯುಕ್ತ ಕೆಲಸಗಳು ವೇದಿಕೆಯ ಮೇಲೆ ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಇಲಾಖೆಯವರ ಫೋನು ಬರುತ್ತದೆ, ಹನ್ನೆರಡಕ್ಕೆ ಇಬ್ಬರು ಮಕ್ಕಳು ಬಾಗಿಲಲ್ಲಿ. ಬಟ್ಟೆಬರೆಯೆಲ್ಲ ಒಂದು ಕಸದ ಚೀಲದಲ್ಲಿ. ಮರುದಿನ ಬೆಳಿಗ್ಗೆ ಹೊಂದುವ ಚಡ್ಡಿ, ಹಲ್ಲುಜ್ಜುವ ಬ್ರಷ್, ಕಾರಿಗೆ ಮಗುವಿನ ಸೀಟು ತಂದುಕೊಡುವವರು ಯಾರು? ವಾರಕ್ಕೆ ಮೂರು ದಿನ ಅಡುಗೆ ಮಾಡಿ ಕಳಿಸುವವರು, ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾಗ ಮಗುವನ್ನು ಡಾಕ್ಟರ ಬಳಿ ಕರೆದೊಯ್ಯುವವರು, ತಿಂಗಳಿಗೊಂದು ಶನಿವಾರ ಮಕ್ಕಳನ್ನು ತಮ್ಮ ಮನೆಗೆ ಒಯ್ದು ಈ ದಂಪತಿಗೆ ನಿದ್ದೆ ಮಾಡಲು ಬಿಡುವವರು ಯಾರು? ಮಗುವನ್ನು ನೋಡಿಕೊಳ್ಳಲು ಬರುವ ಈ ನೆರವಿನ ಜನರನ್ನೂ ಹಲವು ಕಡೆ ಪೊಲೀಸ್ ದಾಖಲೆ ನೋಡಿಯೇ ಒಪ್ಪುತ್ತಾರೆ. ಆ ಕಿರಿಕಿರಿಯನ್ನೂ ಸಹಿಸಿಕೊಂಡು ಆರೇಳು ಜನ ಒಂದು ಕುಟುಂಬದ ಸುತ್ತ ನಿಂತರೆ ಆ ಕುಟುಂಬ ಉಳಿಯುತ್ತದೆ. ಯಾರೂ ನಿಲ್ಲದಿದ್ದರೆ ಒಂದೆರಡು ವರ್ಷದಲ್ಲಿ ಪರವಾನಗಿಯನ್ನು ಹಿಂದಕ್ಕೆ ಕೊಟ್ಟು ಕೂರುತ್ತದೆ. ಮನೆ ತೆರೆಯುವ ಕರೆ ಎಲ್ಲರಿಗೂ ಬರುವುದಿಲ್ಲ. ಮನೆ ತೆರೆದವರಿಗೆ ಸಾರು ಅನ್ನ ಕಳಿಸುವುದಕ್ಕೆ ಕರೆ ಬರಬೇಕಾಗಿಯೂ ಇಲ್ಲ.

1980ರಲ್ಲಿ ಶಿಕಾಗೋದ ಫಾದರ್ ಜಾರ್ಜ್ ಕ್ಲೆಮೆಂಟ್ಸ್ ‘ಒಂದು ಚರ್ಚು, ಒಂದು ಮಗು’ ಎಂಬ ಕಾರ್ಯಕ್ರಮ ಆರಂಭಿಸಿದರು. ಪ್ರತಿ ಕಪ್ಪು ಚರ್ಚಿನಿಂದ ಒಂದೇ ಒಂದು ಕುಟುಂಬ ಒಂದೇ ಒಂದು ಮಗುವನ್ನು ತೆಗೆದುಕೊಂಡರೆ ಕಾದು ಕುಳಿತ ಮಕ್ಕಳೇ ಉಳಿಯುವುದಿಲ್ಲ ಎನ್ನುವ ಲೆಕ್ಕ. ಹೇಳಿದ್ದನ್ನು ತಾವೇ ಮಾಡಿ ತೋರಿಸಲು ಮರುವರ್ಷ, ಮೇಲಿನವರ ವಿರೋಧದ ನಡುವೆಯೂ, ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಬ್ರಹ್ಮಚರ್ಯದ ವ್ರತ ತೊಟ್ಟ ಕ್ಯಾಥೊಲಿಕ್ ಪಾದ್ರಿ ಅಪ್ಪನಾದದ್ದು ಆಗ ದೊಡ್ಡ ಸುದ್ದಿ. ಆ ಲೆಕ್ಕ ಸರಳವಾಗಿತ್ತು, ಧೈರ್ಯದ್ದೂ ಆಗಿತ್ತು. ಆದರೆ ಗಮನಿಸಿ: ಲೆಕ್ಕದಲ್ಲಿ ಚರ್ಚು ಇದೆ, ಕುಟುಂಬವಿದೆ, ಮಗುವಿದೆ. ಮಗುವನ್ನು ಹೆತ್ತವಳು ಇಲ್ಲ.

ಈ ವಿಷಯದಲ್ಲಿ ಚರ್ಚುಗಳು ಮತ್ತೆ ಮತ್ತೆ ಎತ್ತಿ ಹೇಳುವ ಒಂದು ವಚನವಿದೆ, ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಇಪ್ಪತ್ತೇಳನೆಯದು. ನಿಜವಾದ ಭಕ್ತಿ ಯಾವುದು ಎಂದರೆ ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದು ಎಂಬ ಅರ್ಥ ಅದಕ್ಕೆ. ನವೆಂಬರ್ ತಿಂಗಳಲ್ಲಿ ಅಮೆರಿಕದ ಅನೇಕ ಸಭೆಗಳು ಅನಾಥರಿಗಾಗಿ ಒಂದು ಭಾನುವಾರವನ್ನೇ ಮೀಸಲಿಡುತ್ತವೆ, ಆ ದಿನದ ಬ್ಯಾನರುಗಳ ಮೇಲೆಲ್ಲ ಇದೇ ವಚನ. ಬ್ಯಾನರಿನಲ್ಲಿ ಮಗುವಿನ ಚಿತ್ರ ಇರುತ್ತದೆ. ವಿಧವೆಯ ಚಿತ್ರ ಇರುವುದಿಲ್ಲ.

ಬೈಬಲ್ಲಿನಲ್ಲಿ ಅನಾಥ ಮತ್ತು ವಿಧವೆ ಜೋಡಿಪದದ ಹಾಗೆ ಮತ್ತೆ ಮತ್ತೆ ಬರುತ್ತವೆ, ನಮ್ಮಲ್ಲಿ ಮನೆಮಠ ಎಂದ ಹಾಗೆ. ಅದಕ್ಕೆ ಕಾರಣವಿದೆ. ಆ ಕಾಲದ ಸಮಾಜದಲ್ಲಿ ಅಪ್ಪ ಸತ್ತ ಮಗು ಅನಾಥ. ಅಮ್ಮ ಇದ್ದರೂ ಅನಾಥವೇ. ಅವಳೇ ಆ ವಿಧವೆ. ಅಂದರೆ ವಚನ ಹೇಳುತ್ತಿರುವುದು ಬಹುಪಾಲು ಒಂದೇ ಮನೆಯ ಇಬ್ಬರ ಬಗ್ಗೆ. ಮಗುವನ್ನು ಎತ್ತಿಕೊಂಡು ಬಂದು ತಾಯಿಯನ್ನು ಅಲ್ಲೇ ಬಿಟ್ಟರೆ ವಚನದ ಅರ್ಧ ಮಾತ್ರ ನಡೆದಂತಾಯಿತು. ಇವತ್ತಿನ ‘ವಿಧವೆ’ ಬಿಳಿ ಸೀರೆಯುಟ್ಟ ಮುದುಕಿ ಆಗಿರಬೇಕೆಂದಿಲ್ಲ. ಇಪ್ಪತ್ಮೂರು ವರ್ಷದವಳಿರಬಹುದು, ಗಂಡ ಬಿಟ್ಟುಹೋಗಿರಬಹುದು, ಕುಡಿತದ ಚಟವಿರಬಹುದು, ಮಗುವನ್ನು ನೋಡಲು ಬರಬೇಕಾದ ದಿನ ಬಾರದೆ ಎಲ್ಲರ ಕೈಯಲ್ಲಿ ಬೈಸಿಕೊಳ್ಳುವವಳಿರಬಹುದು. ಅವಳ ಮೇಲೆ ಕರುಣೆ ಹುಟ್ಟುವುದು ಕಷ್ಟ. ಮಗುವಿನ ಮೇಲೆ ಹುಟ್ಟುವುದು ಸುಲಭ.

ಸುಲಭದ ಕರುಣೆ ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದಕ್ಕೆ ಅಮೆರಿಕದ್ದೇ ಚರಿತ್ರೆ ಇದೆ. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಧರ್ಮೋಪದೇಶಕ 1853ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ನೆರವಿನ ಸಂಘ ಕಟ್ಟಿದರು. ಬೀದಿಯಲ್ಲಿ ಮಲಗುವ ಮಕ್ಕಳನ್ನು ಸಂಸ್ಥೆಗಳಲ್ಲಿ ಕೂಡಿಹಾಕುವುದರ ಬದಲು ರೈತರ ಮನೆಗಳಿಗೆ ಸೇರಿಸಬೇಕು ಎಂಬುದು ಅವರ ಆಲೋಚನೆ. ಇವತ್ತಿನ ಪೋಷಕತ್ವದ ಬೀಜ ಅಲ್ಲೇ ಇದೆ, ಆ ಮಟ್ಟಿಗೆ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ಮರುವರ್ಷ ಮೊದಲ ತಂಡ ಮಿಷಿಗನ್ ರಾಜ್ಯಕ್ಕೆ ಹೊರಟಿತು. 1929ರವರೆಗೆ ಈ ‘ಅನಾಥರ ರೈಲು’ಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ಪಶ್ಚಿಮಕ್ಕೆ ಹೋದರು. ಊರಿಂದೂರಿಗೆ ಇಳಿಸಿ, ಚರ್ಚಿನಲ್ಲೋ ನಾಟಕಶಾಲೆಯಲ್ಲೋ ಸಾಲಾಗಿ ನಿಲ್ಲಿಸಿ, ಬೇಕಾದವರು ಬೇಕಾದ ಮಗುವನ್ನು ಆರಿಸಿಕೊಳ್ಳುತ್ತಿದ್ದರು. ಒಳ್ಳೆಯ ಮನೆ ಸಿಕ್ಕವರಿದ್ದರು, ಜೀತದಾಳುಗಳಾದವರೂ ಇದ್ದರು. ಆ ‘ಅನಾಥ’ರಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು, ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕ್ ಕೂಲಿಗಳ ಮಕ್ಕಳು ಪ್ರಾಟೆಸ್ಟೆಂಟರ ಮನೆ ಸೇರಿ ತಮ್ಮ ಪೂಜೆ ಪದ್ಧತಿಯನ್ನೇ ಮರೆತರು. ಅದನ್ನು ನೋಡಿ ಕಂಗಾಲಾದ ಕ್ಯಾಥೊಲಿಕರು ತಮ್ಮದೇ ಸಂಸ್ಥೆ ಕಟ್ಟಿದರು, ಕೊನೆಗೆ ಅವರೂ ಮಕ್ಕಳನ್ನು ರೈಲು ಹತ್ತಿಸಿದರು. ಒಂದೇ ದೇವರನ್ನು ನಂಬುವ ಎರಡು ಪಂಗಡಗಳ ನಡುವೆಯೇ ಹೀಗೆ.

ಮೂಲನಿವಾಸಿಗಳ ಪಾಡು ಇದಕ್ಕಿಂತ ಕೆಟ್ಟದ್ದು. 1978ರಲ್ಲಿ ಅವರ ಮಕ್ಕಳಿಗಾಗಿ ಪ್ರತ್ಯೇಕ ಕಾಯ್ದೆ ಬರುವ ಮುನ್ನ ನಡೆದ ಸಮೀಕ್ಷೆಗಳ ಪ್ರಕಾರ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಬೇರೆಯಾಗಿದ್ದರು. ಅಂಥ ಮಗುವನ್ನು ಇರಿಸುವಾಗ ಮೊದಲು ಬಂಧುಗಳನ್ನು, ಆಮೇಲೆ ಅದೇ ಬುಡಕಟ್ಟಿನವರನ್ನು ಕೇಳಬೇಕು ಎಂದು ಕಾಯ್ದೆ ಹೇಳಿತು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದವರಲ್ಲಿ ಮುಂದಾಳುಗಳು ಟೆಕ್ಸಸ್‌ನ ಬ್ರ್ಯಾಕೀನ್ ದಂಪತಿ. ನಂಬಿಕೆಯ ಕರೆಯೆಂದೇ ಪೋಷಕತ್ವಕ್ಕೆ ಇಳಿದ ಕ್ರೈಸ್ತರು ಅವರು. ಮನೆಗೆ ಬಂದ ಮಗುವನ್ನು ಮನಸಾರೆ ಪ್ರೀತಿಸಿದರು, ಬಿಟ್ಟುಕೊಡಲು ಮನಸ್ಸಾಗಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಲಯ 7–2ರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ದಂಪತಿಯನ್ನು ದುಷ್ಟರೆನ್ನಲು ಯಾವ ಕಾರಣವೂ ಇಲ್ಲ. ‘ದೇವರೇ ಈ ಮಗುವನ್ನು ನಮಗೆ ಕೊಟ್ಟ’ ಎಂಬ ಮಾತು ದತ್ತಿನ ಮನೆಯಲ್ಲಿ ಹರಕೆಯ ಹಾಗೆ ಕೇಳಿಸುತ್ತದೆ. ಪೋಷಕ ಮನೆಯಲ್ಲಿ ಅದೇ ಮಾತು ಇನ್ನೊಬ್ಬ ತಾಯಿಯ ವಿರುದ್ಧದ ದಾವೆಯಾಗಬಹುದು, ತೊಡಕಿರುವುದು ಅಲ್ಲಿ.

ಪೋಷಕತ್ವಕ್ಕೆ ಬೈಬಲ್ಲಿನಿಂದಲೇ ಆಸರೆ ಬೇಕಿದ್ದರೆ ಪೌಲನ ಪತ್ರಿಕೆಗಳ ದತ್ತುಪುತ್ರನ ರೂಪಕಕ್ಕಿಂತ ಸಮುವೇಲನ ಕತೆ ಹೆಚ್ಚು ಹೊಂದುತ್ತದೆ. ಹನ್ನಳು ಹರಕೆ ಹೊತ್ತು ಹೆತ್ತ ಮಗನನ್ನು ಮೊಲೆ ಬಿಡಿಸಿದ ಮೇಲೆ ಶೀಲೋವಿನ ದೇವಾಲಯಕ್ಕೆ ತಂದು ಮುದುಕ ಏಲಿಯ ಕೈಗೆ ಒಪ್ಪಿಸುತ್ತಾಳೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿ ವರ್ಷ ಗಂಡನ ಜತೆ ಬಲಿ ಅರ್ಪಿಸಲು ಬರುವಾಗ ಮಗನಿಗೆಂದು ಒಂದು ಪುಟ್ಟ ನಿಲುವಂಗಿ ಹೊಲಿದು ತರುತ್ತಾಳೆ. ಕಣ್ಣೆದುರು ಇಲ್ಲದ ಮಗುವಿನ ಅಳತೆಯನ್ನು ಅವಳು ಹೇಗೆ ಅಂದಾಜು ಮಾಡುತ್ತಿದ್ದಳೋ. ಹೋದ ವರ್ಷ ಮೊಣಕಾಲಿಗೆ ಬಂದಿತ್ತು, ಈ ವರ್ಷ ನಾಲ್ಕು ಬೆರಳು ಹೆಚ್ಚಿರಲಿ ಎಂದುಕೊಂಡಿರಬೇಕು. ಏಲಿ ಆ ಅಂಗಿಯನ್ನು ಬೇಡವೆನ್ನಲಿಲ್ಲ, ದೇವಾಲಯದ ಬಟ್ಟೆ ಇದೆ ಎನ್ನಲಿಲ್ಲ. ಹನ್ನಳನ್ನೂ ಅವಳ ಗಂಡನನ್ನೂ ಆಶೀರ್ವದಿಸಿ ಕಳಿಸುತ್ತಿದ್ದ. ಇನ್ನು ಮೋಶೆಯ ಕತೆಯಲ್ಲಂತೂ ಫರೋಹನ ಮಗಳು ಮಗುವಿನ ಸ್ವಂತ ತಾಯಿಗೇ ಸಂಬಳ ಕೊಟ್ಟು ಮಗುವನ್ನು ಸಾಕಿಸುತ್ತಾಳೆ, ಗೊತ್ತಿಲ್ಲದೆಯೇ. ಇವತ್ತಿನ ಯಾವ ಇಲಾಖೆಗೂ ಹೊಳೆಯದಷ್ಟು ಒಳ್ಳೆಯ ಏರ್ಪಾಡು.

ಅಂಥ ಏರ್ಪಾಡಿಗೆ ಹತ್ತಿರ ಬಂದದ್ದು ಶಿಕಾಗೋದಲ್ಲೇ 2003ರಲ್ಲಿ ಕ್ರೈಸ್ತ ಸೇವಾಸಂಸ್ಥೆಯೊಂದು ಆರಂಭಿಸಿದ ‘ಸೇಫ್ ಫ್ಯಾಮಿಲೀಸ್’. ತಾಯಿ ಆಸ್ಪತ್ರೆಗೆ ಸೇರಬೇಕು, ಮನೆ ಕಳೆದುಕೊಂಡಿದ್ದಾಳೆ, ನೋಡಿಕೊಳ್ಳುವವರಿಲ್ಲ. ಸರಕಾರ ಬಂದು ಮಗುವನ್ನು ಎತ್ತಿಕೊಂಡು ಹೋಗುವ ಮುನ್ನವೇ ಅವಳೇ ಕೇಳಿಕೊಂಡು ಮಗುವನ್ನು ಕೆಲವು ವಾರ ಒಂದು ಚರ್ಚಿನ ಕುಟುಂಬದಲ್ಲಿ ಬಿಡುತ್ತಾಳೆ. ಹಕ್ಕೆಲ್ಲ ಅವಳದೇ, ಬೇಕೆಂದಾಗ ಕರೆದುಕೊಂಡು ಹೋಗಬಹುದು. ಇಟ್ಟುಕೊಂಡವರಿಗೆ ಸಂಬಳವಿಲ್ಲ. ನಡುವೆ ಆ ಮನೆಯವರಿಗೂ ಅವಳಿಗೂ ಗುರುತು ಬೆಳೆಯುತ್ತದೆ. ಪಾಸಮ್ ಟ್ರಾಟ್‌ನ ಹಾಗೆ ಇದರ ಮೇಲೆ ಸಿನಿಮಾ ಮಾಡುವುದು ಕಷ್ಟ, ಕೊನೆಯಲ್ಲಿ ಮಗು ಬ್ಯಾಗು ತಗುಲಿಸಿಕೊಂಡು ಮನೆಗೆ ಹೋಗುತ್ತದೆ ಅಷ್ಟೆ.

ಅಮೆರಿಕದ ಪತ್ರಿಕೆಗಳಲ್ಲಿ ಚರ್ಚು ಮತ್ತು ಪೋಷಕತ್ವ ಒಟ್ಟಿಗೆ ಬರುವುದು ಹೆಚ್ಚಾಗಿ 2021ರ ಫುಲ್ಟನ್ ತೀರ್ಪಿನ ನೆಪದಲ್ಲಿ. ಸಲಿಂಗಿ ದಂಪತಿಗಳನ್ನು ಪ್ರಮಾಣೀಕರಿಸಲು ಒಪ್ಪದ ಕ್ಯಾಥೊಲಿಕ್ ಸಂಸ್ಥೆಯ ಪರವಾಗಿ ಬಂದ ತೀರ್ಪು ಅದು. ಯಾರು ಪೋಷಕರಾಗಬಹುದು ಎಂಬ ಜಗಳಕ್ಕೆ ಖರ್ಚಾದ ಶಾಯಿಯಲ್ಲಿ ಹತ್ತರ ಒಂದು ಪಾಲೂ ಹೆತ್ತ ತಾಯಿಗೆ ಖರ್ಚಾಗಲಿಲ್ಲ.

ಭಾರತದಲ್ಲಿ ಕತೆ ಬೇರೆ ಹಾದಿಯಲ್ಲಿ ಬಂದಿದೆ. ಇಲ್ಲಿನ ಕ್ರೈಸ್ತರಿಗೆ ಬಹಳ ಕಾಲ ದತ್ತಿನ ಹಕ್ಕೇ ಇರಲಿಲ್ಲ. 1956ರ ಕಾಯ್ದೆ ಹಿಂದೂಗಳಿಗೆ ಮಾತ್ರ. ಮಕ್ಕಳಿಲ್ಲದ ಕ್ರೈಸ್ತ ದಂಪತಿ 1890ರ ಕಾಯ್ದೆಯ ಅಡಿಯಲ್ಲಿ ‘ಪಾಲಕ’ರಾಗಬಹುದಿತ್ತು ಅಷ್ಟೆ. ಮಗು ಪ್ರಾಯಕ್ಕೆ ಬಂದ ದಿನ ಕಾನೂನಿನ ಕಣ್ಣಲ್ಲಿ ಆ ನಂಟು ಮುಗಿಯುತ್ತಿತ್ತು, ಆಸ್ತಿ ಕೊಡಬೇಕಿದ್ದರೆ ಉಯಿಲು ಬರೆಯಬೇಕಿತ್ತು. 2000ದ ಬಾಲ ನ್ಯಾಯ ಕಾಯ್ದೆ, ಅದರ 2006ರ ತಿದ್ದುಪಡಿ, ಆಮೇಲೆ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ತೀರ್ಪು, ಇವೆಲ್ಲ ಸೇರಿ ಯಾವ ಧರ್ಮದವರೂ ದತ್ತು ತೆಗೆದುಕೊಳ್ಳಬಹುದು ಎಂದಾಯಿತು. ಅದು ಸಿಗಬೇಕಾದ ಹಕ್ಕೇ. ಆದರೂ ಒಂದು ಮಾತು ಹೇಳಬಹುದು: ಕಾಗದದಲ್ಲಿ ತಮ್ಮದಲ್ಲದ ಮಗುವನ್ನು ತಮ್ಮದರಂತೆ ಬೆಳೆಸುವುದು ಹೇಗೆ ಎನ್ನುವುದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ರೂಢಿ ಮಾಡಿಕೊಂಡ ಸಮುದಾಯ ಇದು. ಪೋಷಕತ್ವಕ್ಕೆ ಬೇಕಾದ ಮನಸ್ಸು ಅದೇ.

ರೂಢಿಯಾದ ಇನ್ನೊಂದು ಸಂಗತಿ ಮಾತ್ರ ಅಡ್ಡ ಬರುತ್ತದೆ. ಭಾರತದ ಚರ್ಚಿನ ನೆನಪಿನಲ್ಲಿ ದಿಕ್ಕಿಲ್ಲದ ಮಗು ಎಂದರೆ ಅನಾಥಾಲಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮಕ್ಕಳ ಮನೆಗಳು, ಕರ್ನಾಟಕದ ಪಶ್ಚಿಮಘಟ್ಟದಲ್ಲಿ ಹುಟ್ಟಿ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಬರಗಾಲದ ನಾಡುಗಳಿಂದ ಕರೆತಂದ ನೂರಾರು ಹೆಣ್ಣುಮಕ್ಕಳು, ಊರೂರಿನ ಕಾನ್ವೆಂಟುಗಳ ಹಿಂಭಾಗದ ಬೋರ್ಡಿಂಗು. ಹಸಿವಿನಿಂದ ಸಾಯುತ್ತಿದ್ದ ಮಕ್ಕಳಿಗೆ ಅವು ಜೀವ ಕೊಟ್ಟವು, ಅದನ್ನು ಅಲ್ಲಗಳೆಯುವವರು ಇತಿಹಾಸ ಓದಿಲ್ಲ. ಆದರೆ 2016–17ರಲ್ಲಿ ಕೇಂದ್ರ ಸರಕಾರ ಮಾಡಿಸಿದ ಎಣಿಕೆಯಲ್ಲಿ ದೇಶದ 9,500ಕ್ಕೂ ಹೆಚ್ಚು ಮಕ್ಕಳ ಸಂಸ್ಥೆಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಡತನ ಅವರನ್ನು ಅಲ್ಲಿಗೆ ತಂದಿದೆ. 2015ರ ಬಾಲ ನ್ಯಾಯ ಕಾಯ್ದೆ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂದು ತನ್ನ ಮೂಲತತ್ವಗಳಲ್ಲೇ ಬರೆದುಕೊಂಡಿದೆ. ಕಟ್ಟಡ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿದವರಿಗೆ ಇದನ್ನು ಅರಗಿಸಿಕೊಳ್ಳುವುದು ಸುಲಭವಲ್ಲ.

ಅದೇ ಕಾಯ್ದೆಯ 44ನೇ ಕಲಮು ಪೋಷಕತ್ವದ್ದು. 2024ರಲ್ಲಿ ಬಂದ ಹೊಸ ಮಾರ್ಗಸೂಚಿಯ ಪ್ರಕಾರ ಆರು ವರ್ಷ ದಾಟಿದ ಮಕ್ಕಳನ್ನು ಪೋಷಕ ಕುಟುಂಬಗಳಲ್ಲಿ ಇರಿಸಬಹುದು. ದಂಪತಿಗಳಷ್ಟೇ ಅಲ್ಲದೆ 35ರಿಂದ 60 ವರ್ಷದೊಳಗಿನ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಕೂಡ ಮುಂದೆ ಬರಬಹುದು. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು, ಸಮಿತಿ ತಿಂಗಳಿಗೊಮ್ಮೆ ಪರಿಶೀಲನೆ ಮಾಡಬೇಕು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ. ಮುಂಬಯಿಯಲ್ಲಿ ಅದು ಶಾಲೆಯ ವ್ಯಾನಿಗೂ ಹಾಲಿಗೂ ಸರಿಹೋಗುತ್ತದೆ. ಹೆತ್ತವರು ಸದ್ಯಕ್ಕೆ ನೋಡಿಕೊಳ್ಳಲು ಅರ್ಹರಲ್ಲ ಎಂಬ ಕಾರಣಕ್ಕೆ ಮಗು ಹೊರಬಂದಿದ್ದರೆ, ಅವರು ಬಂದು ಮಗುವನ್ನು ನೋಡಬಹುದು, ಪರಿಸ್ಥಿತಿ ಸುಧಾರಿಸಿದರೆ ಮಗು ಮನೆಗೆ ಮರಳಬಹುದು. ಕಾಯ್ದೆ ಬರೆದವರು ವಿಧವೆಯನ್ನು ಮರೆತಿಲ್ಲ. ಎರಡು ವರ್ಷ ಸಾಕಿದ ಮೇಲೆ, ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾಗಿದ್ದರೆ, ಅದೇ ಮನೆಯವರು ದತ್ತು ಕೇಳಬಹುದು. ಹಿಂದೆ ಐದು ವರ್ಷ ಕಾಯಬೇಕಿತ್ತು. ಮರಳಲು ಮನೆಯೇ ಇಲ್ಲದ ಮಕ್ಕಳಿಗೆ ಇದು ವರ. ದತ್ತಿನ ಸರದಿಯಲ್ಲಿ ನಿಂತು ಬೇಸತ್ತವರಿಗೆ ಇದು ಅಡ್ಡದಾರಿಯಂತೆ ಕಂಡರೆ ಮಾತ್ರ ಅಪಾಯ.

ಇಲ್ಲಿ ಒಬ್ಬ ಕ್ರೈಸ್ತರು ಹಿಂದೂ ಅಥವಾ ಮುಸ್ಲಿಂ ಮಗುವನ್ನು ಮನೆಗೆ ಕರೆತಂದರೆ ಮತಾಂತರದ ಮಾತು ಬಂದೇ ಬರುತ್ತದೆ. ಆ ಮಾತಿನ ಹಿಂದಿನ ರಾಜಕೀಯವನ್ನು ಬದಿಗಿಡೋಣ. ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯ 20ನೇ ವಿಧಿ, ಮನೆಯಿಂದ ಹೊರಬಂದ ಮಗುವಿನ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆ ಮುರಿಯದಂತೆ ನೋಡಿಕೊಳ್ಳಲು ಹೇಳುತ್ತದೆ. ಒಂದು ಕ್ರೈಸ್ತ ಪೋಷಕ ಮನೆಗೆ ಇದರ ಅರ್ಥ ಸರಳ, ಮಾಡುವುದು ಕಠಿಣ. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಮಗು ಸುಮ್ಮನೆ ಕೂತಿರಬಹುದು. ಭಾನುವಾರ ಚರ್ಚಿಗೆ ಬರಲೇಬೇಕೆಂದಿಲ್ಲ. ಗಣೇಶ ಚೌತಿಗೆ ಹೊಸಬಟ್ಟೆ, ರಂಜಾನಿಗೆ ಶೀರ್‌ಕುರ್ಮಾ ಮನೆಯಲ್ಲೇ ಆಗಬೇಕು. ಮಗುವಿನ ಹೆಸರು ಬದಲಾಗಬಾರದು, ಮುದ್ದಿಗೂ. ದೀಕ್ಷಾಸ್ನಾನದ ಮಾತು ಎತ್ತಲೇಬಾರದು. ನಂಬಿಕೆಯನ್ನು ಹಂಚಿಕೊಳ್ಳುವುದೇ ಕರ್ತವ್ಯ ಎನ್ನುವವರಿಗೆ ಇದು ನುಂಗಲಾರದ ತುತ್ತು. ನುಂಗಲಾಗದವರು ಪೋಷಕ ಮನೆಯಾಗುವುದು ಬೇಡ. ಅಡುಗೆ ಕಳಿಸುವ ಸರದಿಯಲ್ಲಿ ಅವರಿಗೆ ಜಾಗವಿದೆ.

ಒಡಂಬಡಿಕೆ ಧರ್ಮದ ಜತೆಯಲ್ಲೇ ಭಾಷೆಯನ್ನೂ ಇಟ್ಟಿರುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳಿಂದ ಕಟ್ಟಡ ಕೆಲಸಕ್ಕೆ ಮುಂಬಯಿ, ಪುಣೆ, ಹೈದರಾಬಾದಿಗೆ ಹೋದ ಕುಟುಂಬಗಳು ಎಷ್ಟೋ ಇವೆ. ಅಂಥ ಮನೆಯ ಏಳು ವರ್ಷದ ಹುಡುಗಿಯೊಬ್ಬಳು ಪುಣೆಯ ಮಕ್ಕಳ ಮನೆಗೆ ಬಂದು ಸೇರಿದಳು ಎಂದಿಟ್ಟುಕೊಳ್ಳಿ. ಅಲ್ಲಿ ಸುತ್ತಲೂ ಮರಾಠಿ, ಹಿಂದಿ. ಎರಡು ವರ್ಷ ಕಳೆದರೆ ಅವಳ ಬಾಯಲ್ಲಿ ‘ಯವ್ವಾ’ ಉಳಿದಿರಬಹುದು, ವಾಕ್ಯ ಉಳಿದಿರುವುದಿಲ್ಲ. ಆಮೇಲೆ ತಾಯಿ ಬಂದರೆ, ಎದುರುಬದುರು ಕೂತ ಇಬ್ಬರ ನಡುವೆ ಮಾತೇ ಇರುವುದಿಲ್ಲ. ಮನೆಗೆ ಮರಳುವ ದಾರಿ ಹೀಗೂ ಮುಚ್ಚುತ್ತದೆ, ಯಾವ ಆದೇಶವೂ ಇಲ್ಲದೆ. ಆ ನಗರಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳಿವೆ. ಅಲ್ಲಿನ ಒಂದು ಕುಟುಂಬ ಸಮಿತಿಯ ಬಳಿ ಹೋಗಿ ‘ಕನ್ನಡದ ಮಗು ಬಂದರೆ ನಮ್ಮ ಮನೆಯಿದೆ’ ಎಂದು ಹೆಸರು ಕೊಟ್ಟರೆ, ಅದೂ ಆಗದಿದ್ದರೆ ವಾರಕ್ಕೊಮ್ಮೆ ಹೋಗಿ ಕನ್ನಡ ಮಾತಾಡಿ ಬರಲು ಅನುಮತಿ ಕೇಳಿದರೆ, ಪ್ರವಚನಕ್ಕಿಂತ ದೊಡ್ಡ ಕೆಲಸವಾದೀತು. ಇದಕ್ಕೆ ಕ್ರೈಸ್ತರೇ ಆಗಬೇಕೆಂದೇನೂ ಇಲ್ಲ, ಕನ್ನಡ ಸಂಘಗಳೂ ಇವೆ. ಆದರೆ ಸಂಘಗಳಿಗೆ ರಾಜ್ಯೋತ್ಸವದ ಕೆಲಸವೇ ವರ್ಷವಿಡೀ ಇರುತ್ತದೆ.

ಸಭೆಗಳು ಬಿಡಬೇಕಾದ ಕೆಲವು ಚಾಳಿಗಳೂ ಇವೆ. ಮಗುವನ್ನು ಮುಂದೆ ಕರೆದು ನಿಲ್ಲಿಸಿ ಸಾಕ್ಷಿ ಹೇಳಿಸುವುದು, ಫೋಟೊ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿ ಪ್ರಾರ್ಥನೆ ಕೇಳುವುದು. ಪ್ರಾರ್ಥನೆಗೆ ದೇವರಿಗೆ ಫೋಟೊ ಬೇಕಿಲ್ಲ. ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯ 74ನೇ ಕಲಮಿನಲ್ಲಿದೆ. ಒಂಟಿ ಹೆಂಗಸರ ಬಗೆಗಿನ ಧೋರಣೆಯೂ ಬದಲಾಗಬೇಕು. 2015ರಲ್ಲಿ ದತ್ತಿನ ಹೊಸ ನಿಯಮಗಳು ಒಂಟಿ ವ್ಯಕ್ತಿಗಳಿಗೂ ಅವಕಾಶ ಕೊಟ್ಟಾಗ ಮಿಷನರೀಸ್ ಆಫ್ ಚಾರಿಟಿ ದತ್ತಿನ ಕೆಲಸವನ್ನೇ ನಿಲ್ಲಿಸಿತು. ಆದರೆ ಪ್ರತಿ ಸಭೆಯಲ್ಲೂ ನಿವೃತ್ತಿಗೆ ಹತ್ತಿರವಾದ ಒಬ್ಬ ನರ್ಸಮ್ಮ, ಮದುವೆಯಾಗದ ಒಬ್ಬ ಟೀಚರು ಇದ್ದೇ ಇರುತ್ತಾರೆ. ನೂರಾರು ಮಕ್ಕಳನ್ನು ಕೈಯಾರೆ ಕಂಡವರು. ಅವರಿಗಿಂತ ತಯಾರಾದ ಪೋಷಕರು ಎಲ್ಲಿ ಸಿಕ್ಕಾರು?

ಎಲ್ಲ ಮನೆಗೂ ಮಗುವನ್ನು ವಾಪಸು ಕಳಿಸಲಾಗುವುದಿಲ್ಲ ಎನ್ನುವುದು ನಿಜ. ಮೈಮೇಲೆ ಕೈಮಾಡಿದ ಅಪ್ಪನ ಬಳಿಗೆ ಯಾವ ಮಗುವೂ ಹೋಗಬಾರದು. ರಕ್ತಸಂಬಂಧವನ್ನು ಪೂಜಿಸುತ್ತಾ ಕೂತರೆ ಸಾಯುವುದು ಮಗು. ಮರಳಿಸಬೇಕೋ ಬೇಡವೋ ಎನ್ನುವುದನ್ನು ಸಮಿತಿ ನಿರ್ಧರಿಸಲಿ, ಪೋಷಕ ಕುಟುಂಬ ತಾನು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಆದರೆ ಮಗು ಹೊರಬರಲು ಕಾರಣ ಮನೆಬಾಡಿಗೆ, ಕಾಯಿಲೆ, ಸಾಲ ಆಗಿದ್ದಲ್ಲಿ, ಪರಮನೆಯಲ್ಲಿ ಮಗುವನ್ನು ಸಾಕಲು ಕೂಡುವ ದುಡ್ಡು ಆ ಮನೆಯನ್ನು ಎತ್ತಿ ನಿಲ್ಲಿಸಲು ಯಾಕೆ ಕೂಡುವುದಿಲ್ಲ ಎಂದು ಸಭೆಯ ಲೆಕ್ಕಪುಸ್ತಕ ಹಿಡಿದು ಕೇಳಬೇಕು. ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಸ್ವಂತ ಮನೆಯಲ್ಲೇ ಉಳಿಸಿಕೊಳ್ಳಲು ಕೊಡುವ ಪ್ರಾಯೋಜಕತ್ವವೂ ಇದೆ, ಅದೂ 4,000 ರೂಪಾಯಿಯೇ. ಅರ್ಜಿ ತುಂಬಲು, ಆದಾಯ ಪ್ರಮಾಣಪತ್ರ ಮಾಡಿಸಲು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮೂರು ಸಲ ಅಲೆಯಲು ಆ ತಾಯಿಯ ಜತೆ ಒಬ್ಬರು ಬೇಕು. ಸಭೆಯಲ್ಲಿ ನಿವೃತ್ತ ಗುಮಾಸ್ತರಿಗೇನೂ ಬರವಿಲ್ಲ.

ಮಗು ಬಂದ ವಾರ ಪೋಷಕ ಮನೆಗೆ ಊಟದ ಕ್ಯಾರಿಯರ್ ಕಳಿಸುವ ಸರದಿ ತುಂಬಿ ತುಳುಕುತ್ತದೆ, ಒಂದೇ ದಿನ ಮೂರು ಮನೆಯ ಬಿರಿಯಾನಿ ಬಂದು ಫ್ರಿಜ್ಜಿನಲ್ಲಿ ಜಾಗ ಸಾಲುವುದಿಲ್ಲ. ಮಗು ಹೊರಟುಹೋದ ವಾರ ಆ ಮನೆಯಲ್ಲಿ ಅಡುಗೆ ಮಾಡುವ ಮನಸ್ಸು ಯಾರಿಗೂ ಇರುವುದಿಲ್ಲ; ಆ ವಾರಕ್ಕೂ ಸರದಿ ಬೇಕು. ಅದೇ ವಾರ ಊರಿನ ಇನ್ನೊಂದು ತುದಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಬಹುಕಾಲದ ಮೇಲೆ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಾಳೆ ಕೆಲಸಕ್ಕೆ ಹೇಗೆ ಹೋಗುವುದು ಎಂದು ಯೋಚಿಸುವವಳಿದ್ದಾಳೆ. ಎರಡನೆಯ ಕ್ಯಾರಿಯರ್ ಅಲ್ಲಿಗೆ.